ಹುದ್ದೆ ಯಾರಿಗೆ, ಕೆಲಸ ಯಾರಿಗೆ: ಎಸ್ಸೆಸ್ಸೆಲ್ಸಿ ಓದಿದವರ ಸರ್ಕಾರಿ ನೌಕರಿ



ಆಡಳಿತದ ಬಗ್ಗೆ ನಾವು ಮಾತನಾಡಲು ಕೂತರೆ ಮಾತು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಐಎಎಸ್ ಅಧಿಕಾರಿಗಳ ವರ್ಗಾವಣೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಕೆಎಎಸ್ ಪ್ರಶ್ನೆಪತ್ರಿಕೆಯ ತಪ್ಪು ಅನುವಾದ ಸದನದವರೆಗೂ ಹೋಗುತ್ತದೆ, ಹೋಗಬೇಕಾದದ್ದೇ. ಆದರೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ರೈತನಿಗೆ ಮೊದಲು ಎದುರಾಗುವವನು ತಹಶೀಲ್ದಾರನಲ್ಲ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ ಜವಾನ. ಕೋರ್ಟಿನ ನೋಟಿಸು ಹಿಡಿದು ಮನೆ ಬಾಗಿಲಿಗೆ ಬರುವವನು ಆದೇಶ ಜಾರಿಕಾರ. ಮಳೆಗಾಲದ ರಾತ್ರಿ ಹಳಿಯುದ್ದಕ್ಕೂ ಟಾರ್ಚ್ ಬಿಟ್ಟುಕೊಂಡು ನಡೆಯುವವನು ಟ್ರ್ಯಾಕ್‌ಮನ್. ಹೆಚ್ಚಿನ ಜನರ ಪಾಲಿಗೆ ಸರ್ಕಾರಕ್ಕೆ ಮುಖವೊಂದಿದ್ದರೆ ಅದು ಇವರದೇ.

ಇವರ ಹುದ್ದೆಗಳಿಗೆ ನಿಯಮ ಕೇಳುವ ಓದು ಹತ್ತನೆಯ ತರಗತಿ. ಕೇಂದ್ರ ಸರ್ಕಾರದಲ್ಲಿ ಮಲ್ಟಿ ಟಾಸ್ಕಿಂಗ್ ಸ್ಟಾಫ್ ಅಥವಾ ಎಂಟಿಎಸ್, ರೈಲ್ವೆಯಲ್ಲಿ ಲೆವೆಲ್-1, ಅಂಚೆಯಲ್ಲಿ ಗ್ರಾಮೀಣ ಡಾಕ್ ಸೇವಕ, ನಮ್ಮ ರಾಜ್ಯದಲ್ಲಿ ಡಿ ಗ್ರೂಪ್ ನೌಕರ, ಕಿರಿಯ ಪವರ್‌ಮ್ಯಾನ್, ನ್ಯಾಯಾಲಯದ ಜವಾನ ಎಂದು ಹೆಸರುಗಳು ಬೇರೆ ಬೇರೆ. ಇಂದಿನ ಉಪನ್ಯಾಸದಲ್ಲಿ ನಾನು ಈ ಹುದ್ದೆಗಳಿಗೆ ಅರ್ಜಿ ಹಾಕುವುದು ಹೇಗೆಂದು ವಿವರಿಸುವುದಿಲ್ಲ. ಆ ಕೆಲಸವನ್ನು ಪ್ರತಿ ಜಿಲ್ಲಾ ಕೇಂದ್ರದ ಕೋಚಿಂಗ್ ಸೆಂಟರುಗಳು ಮಾಡುತ್ತಲೇ ಇವೆ. ನಾನು ಮಂಡಿಸುವ ವಾದ ಇಷ್ಟು: ಎಸ್ಸೆಸ್ಸೆಲ್ಸಿ ಓದಿದವರಿಗೆಂದು ಇಟ್ಟಿದ್ದ ಈ ಜಾಗ ಕಳೆದ ಎರಡು ದಶಕಗಳಲ್ಲಿ ಎರಡು ಹೋಳಾಗಿದೆ. ಹುದ್ದೆ ಪದವೀಧರನ ಕಡೆ ಜರುಗಿದೆ, ಕೆಲಸ ಹೊರಗುತ್ತಿಗೆಯವನ ಹೆಗಲಿಗೆ ಬಿದ್ದಿದೆ. ನಿಯಮ ಯಾರ ಹೆಸರು ಹೇಳುತ್ತದೆಯೋ ಅವನ ಪಾಲಿಗೆ ಸಂಬಳವಿಲ್ಲದ ಅರ್ಧವಷ್ಟೇ ಉಳಿದಿದೆ.

ಇತಿಹಾಸವನ್ನು ಸ್ವಲ್ಪ ನೋಡೋಣ. ಬ್ರಿಟಿಷರ ಕಾಲದಿಂದ ಬಂದ ವಿಂಗಡಣೆಯಲ್ಲಿ ಈ ನೌಕರರು ನಾಲ್ಕನೇ ದರ್ಜೆಯವರು. 1947ರಲ್ಲಿ ವರದಿ ಕೊಟ್ಟ ಮೊದಲ ವೇತನ ಆಯೋಗ ಕೆಳಹಂತದ ನೌಕರನಿಗೆ ತುಟ್ಟಿಭತ್ಯೆಯೂ ಸೇರಿ ತಿಂಗಳಿಗೆ 55 ರೂಪಾಯಿ ಸಿಗಬೇಕೆಂದಿತು. ಎಪ್ಪತ್ತರ ದಶಕದಲ್ಲಿ ದರ್ಜೆಗಳು ಹೋಗಿ ಎ, ಬಿ, ಸಿ, ಡಿ ಎಂಬ ಗುಂಪುಗಳು ಬಂದವು. ನಿಜವಾದ ತಿರುವು ಬಂದದ್ದು 2008ರಲ್ಲಿ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಆರನೇ ವೇತನ ಆಯೋಗ, ಕೇಂದ್ರದಲ್ಲಿ ಡಿ ಗುಂಪೇ ಬೇಡ ಎಂದಿತು. ಮೆಟ್ರಿಕ್ ಓದಿದವರೆಲ್ಲ ನೇರವಾಗಿ ಸಿ ಗುಂಪಿಗೆ ಬರಲಿ, ಓದದವರಿಗೆ ತರಬೇತಿ ಕೊಟ್ಟು ಮೇಲೆತ್ತಲಿ, ಮುಂದೆ ಹತ್ತನೆಯ ತರಗತಿಗಿಂತ ಕಡಿಮೆ ಓದಿದವರ ನೇಮಕವೇ ಬೇಡ ಎಂಬುದು ಅದರ ಶಿಫಾರಸು. ಸರ್ಕಾರ ಒಪ್ಪಿತು. ಜವಾನ, ದಫ್ತರಿ, ಜಮೇದಾರ, ಫರಾಶ್, ಚೌಕಿದಾರ, ಸಫಾಯಿವಾಲಾ, ಮಾಲಿ ಎಂಬ ಹುದ್ದೆಗಳೆಲ್ಲ ಒಂದಾಗಿ ಎಂಟಿಎಸ್ ಹುಟ್ಟಿತು.

ಇದರಲ್ಲಿ ಒಳ್ಳೆಯದು ಇತ್ತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗುಡಿಸುವ ಹುದ್ದೆಗೆ ಒಂದು ಜಾತಿ, ಬಾಗಿಲು ಕಾಯುವ ಹುದ್ದೆಗೆ ಇನ್ನೊಂದು ಎಂಬ ಹಳೆಯ ಕಟ್ಟು ಕಾಗದದ ಮೇಲಾದರೂ ಸಡಿಲವಾಯಿತು. ಸಾಹೇಬರ ಮನೆಗೆಲಸಕ್ಕೆ ಸರ್ಕಾರಿ ನೌಕರನನ್ನು ಬಳಸುವ ರೂಢಿಯ ಬಗ್ಗೆ ಪ್ರಶ್ನೆ ಏಳಲು ದಾರಿಯಾಯಿತು. ಬಂಗಲೆ ಪ್ಯೂನ್ ಎಂದು ಹೆಸರಾಗಿದ್ದ ಹುದ್ದೆಗೆ ಹೊಸ ನೇಮಕವನ್ನು ರೈಲ್ವೆ ಮಂಡಳಿ 2020ರಲ್ಲಿ ನಿಲ್ಲಿಸಿತು. ಏಳನೇ ವೇತನ ಆಯೋಗ ಬಂದ ಮೇಲೆ ಕೇಂದ್ರದ ಕೆಳಹಂತದ ಮೂಲ ವೇತನ 18,000 ರೂಪಾಯಿ ಆಯಿತು. ಭತ್ಯೆಗಳೂ ಸೇರಿದರೆ ಬೆಂಗಳೂರಿನಂಥ ಊರಲ್ಲಿ ಅದು ಈಗ ಮೂವತ್ತು ಸಾವಿರ ದಾಟುತ್ತದೆ. ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ ಕನಿಷ್ಠ ಮೂಲ ವೇತನ 27,000 ರೂಪಾಯಿ. ಜವಾನನ ಮಗಳು ಎಂಜಿನಿಯರಿಂಗ್ ಓದುವುದು ಇಂದು ಅಪರೂಪವಲ್ಲ ಎಂದರೆ ಅದರ ಹಿಂದೆ ಈ ಸಂಬಳವಿದೆ.

ಆದರೆ ಎಂಟಿಎಸ್ ನೌಕರನ ಕರ್ತವ್ಯಗಳೇನು ಎಂದು 2010ರಲ್ಲಿ ಕೇಂದ್ರದ ಸಿಬ್ಬಂದಿ ಇಲಾಖೆ ಹೊರಡಿಸಿದ ಮಾದರಿ ನಿಯಮಗಳನ್ನು ಒಮ್ಮೆ ನೋಡಬೇಕು. ಶಾಖೆಯ ಕಡತಗಳನ್ನು ಜೋಡಿಸಿಡುವುದು, ಕಟ್ಟಡದೊಳಗೆ ಫೈಲು ಒಯ್ಯುವುದು, ಜೆರಾಕ್ಸ್ ಮತ್ತು ಫ್ಯಾಕ್ಸ್, ಟಪಾಲು ಬಟವಾಡೆ, ಕಂಪ್ಯೂಟರಿನಲ್ಲಿ ಆವಕ ಜಾವಕ ನಮೂದಿಸಲು ನೆರವು, ಕೊಠಡಿಗಳ ಬೀಗ ತೆಗೆಯುವುದು ಹಾಕುವುದು, ಮೇಜು ಕುರ್ಚಿಯ ಧೂಳು ಒರೆಸುವುದು, ಕಟ್ಟಡ ಶುಚಿ ಮಾಡುವುದು, ಕಾವಲು, ಲೈಸೆನ್ಸ್ ಇದ್ದರೆ ವಾಹನ ಓಡಿಸುವುದು, ಹೂಕುಂಡಗಳಿಗೆ ನೀರು. ಕೊನೆಗೆ, ಮೇಲಧಿಕಾರಿ ಹೇಳಿದ ಇನ್ನಿತರ ಕೆಲಸ. ಏಳು ಜನರ ಕೆಲಸವನ್ನು ಒಬ್ಬನ ಹೆಸರಿಗೆ ಬರೆದು, ಆ ಒಬ್ಬನನ್ನೂ ನೇಮಿಸದೆ ಖಾಲಿ ಬಿಟ್ಟರೆ ಏನಾಗುತ್ತದೆ? ಗುಡಿಸಬೇಕಾದ ನೆಲ ಅಲ್ಲಿಯೇ ಇರುತ್ತದೆ, ಬೆಳಿಗ್ಗೆ ಬೀಗ ತೆಗೆಯಲೇಬೇಕು. ಆ ಕೆಲಸ ಟೆಂಡರಿನ ಮೂಲಕ ಏಜೆನ್ಸಿಗೆ ಹೋಯಿತು. ಇಂದು ದೊಡ್ಡ ಸರ್ಕಾರಿ ಕಟ್ಟಡಗಳಲ್ಲಿ ಕಸ ಗುಡಿಸುವವರು, ಕಾವಲಿನವರು, ಲಿಫ್ಟ್ ನಡೆಸುವವರು, ಹಲವೆಡೆ ಫೈಲು ಒಯ್ಯುವವರು ಕೂಡ ಹೊರಗುತ್ತಿಗೆಯವರೇ.

ಈ ಕಥೆಯ ಕಾನೂನಿನ ಅಧ್ಯಾಯ ಬಹುಪಾಲು ಬರೆದದ್ದು ಕರ್ನಾಟಕ ಎಂಬುದನ್ನು ನಾವು ಮರೆಯಬಾರದು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1990ರಲ್ಲಿ ಕೋರ್ಟು ಅವರ ಪರ ನಿಂತು, ಹತ್ತು ವರ್ಷ ದುಡಿದವರನ್ನು ಹಂತ ಹಂತವಾಗಿ ಕಾಯಂ ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹದಿನಾರು ವರ್ಷಗಳ ನಂತರ ಬಂದದ್ದು ಉಮಾದೇವಿ ಪ್ರಕರಣ. ಅದೂ ನಮ್ಮ ರಾಜ್ಯದ್ದೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಮೊಕದ್ದಮೆ. 2006ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿದ್ದು ಇದು: ಸಾರ್ವಜನಿಕ ಹುದ್ದೆಗೆ ಸಂವಿಧಾನದ 14 ಮತ್ತು 16ನೇ ವಿಧಿಗಳ ಪ್ರಕಾರ ಎಲ್ಲರಿಗೂ ಸಮಾನ ಅವಕಾಶ ಕೊಟ್ಟೇ ನೇಮಕವಾಗಬೇಕು, ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಅದೇ ಕಾರಣಕ್ಕೆ ಹಕ್ಕು ಕೇಳುವಂತಿಲ್ಲ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಬಲವಿಲ್ಲದೆ ಹತ್ತು ವರ್ಷ ಕಳೆದವರಿಗೆ ಮಾತ್ರ ಒಂದು ಬಾರಿಯ ವಿನಾಯಿತಿ.

ತತ್ವವಾಗಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಶಾಸಕರ ಶಿಫಾರಸಿನಿಂದ ಒಳಬಂದವನಿಗಿಂತ ಹೊರಗೆ ನಿಂತ ನಿರುದ್ಯೋಗಿಯ ಹಕ್ಕು ಕಡಿಮೆಯದಲ್ಲ. ಆದರೆ ತೀರ್ಪನ್ನು ಇಲಾಖೆಗಳು ಓದಿಕೊಂಡ ರೀತಿಯೇ ಬೇರೆ. ನೇಮಕಾತಿ ಸರಿಯಾಗಿ ಮಾಡಿ ಎಂದದ್ದನ್ನು, ಯಾರನ್ನೂ ಕಾಯಂ ಮಾಡಬೇಕಿಲ್ಲ ಎಂದು ಅರ್ಥ ಮಾಡಿಕೊಂಡರು. ಹಾಗಾಗಿ ದಿನಗೂಲಿಯ ಜಾಗದಲ್ಲಿ ಹೊರಗುತ್ತಿಗೆ ಬಂತು. ದಿನಗೂಲಿಯವನ ಹೆಸರಾದರೂ ಇಲಾಖೆಯ ಮಸ್ಟರ್ ರೋಲಿನಲ್ಲಿತ್ತು, ಹೊರಗುತ್ತಿಗೆಯವನ ಹೆಸರು ಅಲ್ಲಿಯೂ ಇಲ್ಲ. ಇಲಾಖೆಗೆ ಅವನು ಬಿಲ್ಲಿನ ಒಂದು ಸಾಲು. ಹಳೆಯ ದಿನಗೂಲಿಗಳಿಗಾಗಿ ರಾಜ್ಯ 2012ರಲ್ಲಿ ಕ್ಷೇಮಾಭಿವೃದ್ಧಿ ಕಾಯ್ದೆ ಮಾಡಿತು ನಿಜ. ಅದರ ನೆರಳು ಹೊರಗುತ್ತಿಗೆಯವರಿಗೆ ತಾಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ಓದನ್ನು ತಿದ್ದಬೇಕಾಯಿತು. ಕೇಂದ್ರ ಜಲ ಆಯೋಗದಲ್ಲಿ ದಶಕಕ್ಕೂ ಮೀರಿ ಗುಡಿಸುವ, ಗಿಡ ನೋಡಿಕೊಳ್ಳುವ ಕೆಲಸ ಮಾಡಿದವರನ್ನು ಕಾಯಂ ಮಾಡಲು ಆದೇಶಿಸುತ್ತ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸಬಾರದೆಂದು ಎಚ್ಚರಿಸಿತು. ನಮ್ಮ ರಾಜ್ಯ ಸರ್ಕಾರ ಅದೇ ವರ್ಷ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ಹೇಳಿತು. ಬೀದರಿನಲ್ಲಿ ಖಾಸಗಿ ಏಜೆನ್ಸಿಯ ಬದಲು ಜಿಲ್ಲಾಡಳಿತದ ಆಶ್ರಯದ ಸಹಕಾರ ಸಂಘದ ಮೂಲಕ ನೌಕರರನ್ನು ಒದಗಿಸುವ ಏರ್ಪಾಡು ಇದೆ. ನಡುವೆ ನಿಂತು ಕೂಲಿ ಮುರಿದುಕೊಳ್ಳುವವನನ್ನಾದರೂ ಅದು ದೂರವಿಡುತ್ತದೆ. ಇವೆಲ್ಲ ಸ್ವಾಗತಾರ್ಹ. ಆದರೆ ಹೊರಗುತ್ತಿಗೆಯಲ್ಲಿ ಮೀಸಲಾತಿ ತರುವ ಸರ್ಕಾರ, ಆ ಕೆಲಸ ಕಾಯಂ ಸ್ವರೂಪದ್ದೆಂದು ತಾನೇ ಒಪ್ಪಿಕೊಂಡಂತಾಯಿತಲ್ಲವೇ? ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆಯೆಂದು ಹೇಳಿರುವುದೂ ಸರ್ಕಾರವೇ.

ಇನ್ನು ಹುದ್ದೆಯ ಕಡೆ ಬರೋಣ. 2015ರಲ್ಲಿ ಉತ್ತರ ಪ್ರದೇಶದ ಸಚಿವಾಲಯದ 368 ಜವಾನ ಹುದ್ದೆಗಳಿಗೆ 23 ಲಕ್ಷ ಅರ್ಜಿಗಳು ಬಂದವು. ಕೇಳಿದ್ದು ಐದನೇ ತರಗತಿ ಮತ್ತು ಸೈಕಲ್ ಸವಾರಿ, ಅರ್ಜಿ ಹಾಕಿದವರಲ್ಲಿ 255 ಮಂದಿ ಪಿಎಚ್.ಡಿ. ಪಡೆದವರು. 2025ರಲ್ಲಿ ರಾಜಸ್ಥಾನದ 53 ಸಾವಿರ ಚಿಲ್ಲರೆ ನಾಲ್ಕನೇ ದರ್ಜೆ ಹುದ್ದೆಗಳಿಗೆ ಅರ್ಜಿ 24 ಲಕ್ಷ ದಾಟಿತು. ರೈಲ್ವೆಯ 32,438 ಲೆವೆಲ್-1 ಹುದ್ದೆಗಳಿಗೆ ಒಂದು ಕೋಟಿಗೂ ಮೀರಿ ಅರ್ಜಿ. ಈ ಅಂಕಿಗಳನ್ನು ಪತ್ರಿಕೆಗಳು ಪ್ರತಿ ಬಾರಿ ತಮಾಷೆಯಂತೆಯೋ ದುರಂತದಂತೆಯೋ ಬರೆಯುತ್ತವೆ. ಎರಡೂ ಅಲ್ಲ, ಇದು ಲೆಕ್ಕಾಚಾರ. ಏಳನೇ ವೇತನ ಆಯೋಗ ಅಹಮದಾಬಾದಿನ ಐಐಎಂ ಮೂಲಕ ಮಾಡಿಸಿದ ಅಧ್ಯಯನದಲ್ಲಿ ಸರ್ಕಾರದ ಸಾಮಾನ್ಯ ಸಹಾಯಕನಿಗೆ ತಿಂಗಳಿಗೆ 22 ಸಾವಿರಕ್ಕೂ ಹೆಚ್ಚು ಸಿಗುತ್ತಿದ್ದಾಗ ಅಂಥದೇ ಕೆಲಸಕ್ಕೆ ಖಾಸಗಿಯಲ್ಲಿ ಸಿಗುತ್ತಿದ್ದುದು ಎಂಟರಿಂದ ಒಂಬತ್ತೂವರೆ ಸಾವಿರ. ಅನುಕಂಪದ ನೌಕರಿ, ಹೆಣ್ಣು ಕೊಡುವವರ ಮನೆಯ ಮರ್ಯಾದೆ ಇವನ್ನು ಆ ಲೆಕ್ಕಕ್ಕೆ ಸೇರಿಸಿಲ್ಲ. ಸರ್ಕಾರ ತಳದಲ್ಲಿ ಹೆಚ್ಚು ಕೊಡುತ್ತಿದೆ ಎಂದು ಇದನ್ನು ಓದುವವರಿದ್ದಾರೆ. ಒಂದು ಕುಟುಂಬ ಗೌರವದಿಂದ ಬದುಕಲು ಬೇಕಾದದ್ದನ್ನು ಲೆಕ್ಕ ಹಾಕಿ ನಿಗದಿಪಡಿಸಿದ ಸಂಬಳ ಅದು. ಆ ಲೆಕ್ಕವೇ ಇಲ್ಲದ್ದು ಹೊರಗಿನ ಮಾರುಕಟ್ಟೆಗೆ.

ಹಾಗಾದರೆ ಹೆಚ್ಚು ಓದಿದವನನ್ನು ಈ ಸಾಲಿನಿಂದ ಹೊರಗಿಡಬಹುದೇ? ನ್ಯಾಯಾಲಯಗಳು ಎರಡು ಕಡೆಗೂ ಮಾತನಾಡಿವೆ. ನಾಗಪುರದ ಜಿಲ್ಲಾ ನ್ಯಾಯಾಲಯದ ಜವಾನ ಹುದ್ದೆಗಳ ಪ್ರಕರಣದಲ್ಲಿ, ಹೆಚ್ಚು ಓದಿದ್ದಾನೆಂಬ ಕಾರಣಕ್ಕೆ ಒಬ್ಬನನ್ನು ಪರಿಗಣಿಸದೇ ಇರುವುದು ವಿವೇಕವಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. 2020ರಲ್ಲಿ ಬ್ಯಾಂಕೊಂದರ ಜವಾನ ಹುದ್ದೆಯ ಪ್ರಕರಣ ಬಂತು. ಪದವೀಧರರು ಅರ್ಜಿ ಹಾಕುವಂತಿಲ್ಲ ಎಂದು ಅಲ್ಲಿ ಪ್ರಕಟಣೆಯಲ್ಲೇ ಇತ್ತು. ಪದವಿಯನ್ನು ಮುಚ್ಚಿಟ್ಟು ಆಯ್ಕೆಯಾದವನನ್ನು ಕೈಬಿಟ್ಟದ್ದು ಸರಿ ಎಂದಿತು ಅದೇ ಕೋರ್ಟು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮೇಲ್ಮಿತಿ ಹಾಕಬೇಕಿದ್ದರೆ ನಿಯಮದಲ್ಲೇ ಮೊದಲೇ ಹಾಕಿ, ಆಮೇಲೆ ಜರಡಿ ಹಿಡಿಯಬೇಡಿ ಎಂಬ ದಾರಿ ಕಾಣುತ್ತದೆ.

ನನ್ನ ಒಲವು ಮೇಲ್ಮಿತಿಯ ಕಡೆಗಿಲ್ಲ. ಓದನ್ನು ಅಪರಾಧ ಮಾಡುವ ನಿಯಮ ಜನರಿಗೆ ಸುಳ್ಳು ಹೇಳಲು ಕಲಿಸುತ್ತದೆ, ಹಾಗೆ ಹೇಳಲು ಬರುವವರಿಗೇ ಅದರಿಂದ ಲಾಭವೂ ಆಗುತ್ತದೆ. ಆದರೆ ಪದವೀಧರನನ್ನು ಹೊರಗಿಡದೆಯೂ ಅವನಿಗೆ ಅನಗತ್ಯ ಮುನ್ನಡೆ ಕೊಡದಿರಲು ಸಾಧ್ಯವಿದೆ. ಅದಕ್ಕೆ ಪರೀಕ್ಷೆಯನ್ನೇ ನೋಡಬೇಕು.

ಕೇಂದ್ರದ ಎಂಟಿಎಸ್ ನೇಮಕಾತಿ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನದು. 1975ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ 1977ರಲ್ಲಿ ಈ ಹೆಸರು ಪಡೆದ ಸಂಸ್ಥೆ. ಕರ್ನಾಟಕ ಮತ್ತು ಕೇರಳಕ್ಕೆ ಅದರ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. 2016ರಿಂದ ಈ ಹಂತದ ಹುದ್ದೆಗಳಿಗೆ ಸಂದರ್ಶನವಿಲ್ಲ, ಅದರಿಂದ ವಶೀಲಿ ಕಡಿಮೆಯಾಯಿತು. 2023ರಲ್ಲಿ ಇನ್ನೊಂದು ದೊಡ್ಡ ಹೆಜ್ಜೆ: ಹಿಂದಿ, ಇಂಗ್ಲಿಷಿನ ಜೊತೆ ಕನ್ನಡವೂ ಸೇರಿದಂತೆ ಹದಿಮೂರು ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ. ಕನ್ನಡಪರ ಸಂಘಟನೆಗಳು ವರ್ಷಗಟ್ಟಲೆ ಕೇಳಿದ್ದು ಸಿಕ್ಕಿತು. ಸಂಭ್ರಮಿಸಿದೆವು. ಆದರೆ ಅದೇ ಸುತ್ತಿನಲ್ಲಿ ಪರೀಕ್ಷೆಯ ಒಳರಚನೆ ಬದಲಾದದ್ದನ್ನು ಹೆಚ್ಚು ಜನ ಗಮನಿಸಲಿಲ್ಲ. ಈಗ ಒಂದೇ ದಿನ 45 ನಿಮಿಷಗಳ ಎರಡು ಅವಧಿ. ಮೊದಲ ಅವಧಿಯಲ್ಲಿ ಗಣಿತ ಮತ್ತು ತಾರ್ಕಿಕ ಶಕ್ತಿ. ಎರಡನೆಯದರಲ್ಲಿ ಸಾಮಾನ್ಯ ಜ್ಞಾನದ 25 ಪ್ರಶ್ನೆ, ಇಂಗ್ಲಿಷ್ ಭಾಷೆಯ 25 ಪ್ರಶ್ನೆ. ಮೊದಲ ಅವಧಿಯಲ್ಲಿ ಪಾಸಾದರೆ ಸಾಕು, ಆ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಮೆರಿಟ್ ಪಟ್ಟಿ ನಿಲ್ಲುವುದು ಎರಡನೆಯ ಅವಧಿಯ ಮೇಲೆ ಮಾತ್ರ.

ಇದರ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಿಂಧನೂರಿನ ಕಡೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಗಣಿತದಲ್ಲಿ ಚುರುಕಾಗಿದ್ದಾಳೆ ಎಂದುಕೊಳ್ಳಿ. ಅವಳ ಚುರುಕು ಮೊದಲ ಅವಧಿಯ ಬಾಗಿಲು ದಾಟಿಸಿ ಅಲ್ಲಿಗೇ ಮುಗಿಯಿತು. ಅವಳ ಸ್ಥಾನದ ಅರ್ಧ ನಿರ್ಧಾರವಾಗುವುದು ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಹುಡುಕುವ, ಸಮಾನಾರ್ಥಕ ಪದ ಗುರುತಿಸುವ ಪ್ರಶ್ನೆಗಳಲ್ಲಿ. ತಪ್ಪಾದರೆ ಅಂಕ ಕಡಿತವಿರುವುದೂ ಅಲ್ಲಿಯೇ. ಅಂದರೆ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಟ್ಟು, ಕನ್ನಡಕ್ಕೆ ತೂಕ ಕಡಿಮೆಯಿರುವ ಕಡೆ ಅದನ್ನು ಇಟ್ಟಂತಾಯಿತು. ಹಿಂದೆ ಇದೇ ಪರೀಕ್ಷೆಯಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಸಣ್ಣ ಪ್ರಬಂಧವನ್ನೋ ಪತ್ರವನ್ನೋ ಬರೆಯುವ ಪತ್ರಿಕೆಯೊಂದಿತ್ತು. ಅದನ್ನು ಈಗ ಕೈಬಿಟ್ಟಿದ್ದಾರೆ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಲಕೋಟೆಯ ಮೇಲಿನ ವಿಳಾಸ, ಕಡತದ ಶೀರ್ಷಿಕೆ ಓದುವಷ್ಟು ಇಂಗ್ಲಿಷ್ ಈ ಕೆಲಸಕ್ಕೆ ಬೇಕು. ಅದನ್ನು ಪಾಸಾಗುವ ಭಾಗವಾಗಿಟ್ಟು, ಗಣಿತ ಮತ್ತು ತರ್ಕವನ್ನು ಮೆರಿಟ್ಟಿಗೆ ಹಿಡಿಯಬಹುದಿತ್ತು. ಈಗಿನ ರಚನೆ ತಲೆಕೆಳಗಾಗಿದೆ. ಬಿ.ಎ., ಬಿ.ಕಾಂ. ಮುಗಿಸಿ ಇಂಗ್ಲಿಷಿನಲ್ಲಿ ಮೂರು ವರ್ಷ ಹೆಚ್ಚು ಪಳಗಿದವನಿಗೆ ಇಲ್ಲಿ ಮೇಲುಗೈ ಆಗದೆ ಇನ್ನೇನು?

ರೈಲ್ವೆ ಈ ವಿಷಯದಲ್ಲಿ ಹೆಚ್ಚು ವಿವೇಕ ತೋರಿದೆ. ಅದರ ಲೆವೆಲ್-1 ಪರೀಕ್ಷೆಯಲ್ಲಿ ವಿಜ್ಞಾನ, ಗಣಿತ, ತರ್ಕ, ಪ್ರಚಲಿತ ವಿದ್ಯಮಾನ ಇವೆ, ಇಂಗ್ಲಿಷ್ ಪತ್ರಿಕೆ ಇಲ್ಲ, ಇಡೀ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆಮೇಲೆ ದೈಹಿಕ ಪರೀಕ್ಷೆ. ಗಂಡಸರು 35 ಕೆ.ಜಿ. ಭಾರ ಹೊತ್ತು ಕೆಳಗಿಡದೆ ಎರಡು ನಿಮಿಷದಲ್ಲಿ ನೂರು ಮೀಟರ್ ನಡೆಯಬೇಕು, ಸಾವಿರ ಮೀಟರನ್ನು ನಾಲ್ಕು ನಿಮಿಷ ಹದಿನೈದು ಸೆಕೆಂಡಿನಲ್ಲಿ ಓಡಬೇಕು. ಹೆಂಗಸರಿಗೆ 20 ಕೆ.ಜಿ., ಓಟಕ್ಕೆ ಐದು ನಿಮಿಷ ನಲವತ್ತು ಸೆಕೆಂಡು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳ ನಡುವೆ ಹಳಿ ಕಾಯುವವನ ಕೆಲಸ ನೆನೆದರೆ ಈ ಪರೀಕ್ಷೆ ಏಕೆಂದು ತಿಳಿಯುತ್ತದೆ. ಕೀಮ್ಯಾನ್ ಪ್ರತಿದಿನ ತನ್ನ ಪಾಲಿನ ಕಿಲೋಮೀಟರುಗಳನ್ನು ಸುತ್ತಿಗೆ, ಸ್ಪ್ಯಾನರ್ ಹೊತ್ತು ನಡೆದೇ ಮುಗಿಸುತ್ತಾನೆ. ಸಡಿಲವಾದ ಕೀಲಿಯನ್ನು ಹೊಡೆದು ಕೂರಿಸುತ್ತಾನೆ, ಹಳಿ ಬಿರುಕು ಬಿಟ್ಟಿದ್ದರೆ ಕೆಂಪು ಬಾವುಟ ನೆಟ್ಟು ಗಾಡಿ ನಿಲ್ಲಿಸುತ್ತಾನೆ. ನಮ್ಮ ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ನೇಮಕದಲ್ಲೂ ಅಂಥದೇ ತರ್ಕ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಕರೆದು, ಎಂಟು ಮೀಟರ್ ಎತ್ತರದ ಕಂಬ ಹತ್ತಿಸಿ ನೋಡುತ್ತಾರೆ. ಹತ್ತಲಾಗದವನು ಎಂ.ಎಸ್ಸಿ. ಮಾಡಿದ್ದರೂ ಆಯ್ಕೆಯಾಗುವುದಿಲ್ಲ. ಯಾರನ್ನೂ ಓದಿನ ಕಾರಣಕ್ಕೆ ಹೊರಗಿಡದೆ, ಓದಿಗೆ ಬೇಡದ ಮುನ್ನಡೆಯನ್ನೂ ಕೊಡದ ಪರೀಕ್ಷೆ ಎಂದರೆ ಇದು.

ರೈಲ್ವೆಯ ಹಾದಿಯೂ ಸಲೀಸಾಗಿರಲಿಲ್ಲ. 2018ರಲ್ಲಿ ಹತ್ತನೇ ತರಗತಿಯ ಜೊತೆ ಐಟಿಐ ಕೂಡ ಬೇಕೆಂದು ಪ್ರಕಟಿಸಿ, ಪ್ರತಿಭಟನೆಯ ನಂತರ ಹಿಂದೆ ಸರಿಯಿತು. 2022ರ ಜನವರಿಯಲ್ಲಿ ಎರಡು ಹಂತದ ಪರೀಕ್ಷೆಯ ವಿರುದ್ಧ ಬಿಹಾರದಲ್ಲಿ ಯುವಕರು ಹಳಿಗಿಳಿದರು, ಮತ್ತೆ ಒಂದೇ ಹಂತವಾಯಿತು. ಪ್ರತಿ ಬಾರಿಯೂ ಅರ್ಹತೆಯನ್ನು ಮೇಲೆ ತಳ್ಳುವ ಪ್ರಯತ್ನ ಆಡಳಿತದಿಂದ, ತಡೆದದ್ದು ಬೀದಿಯಿಂದ. ನಮ್ಮ ರಾಜ್ಯದಲ್ಲಿ ಅಷ್ಟು ಗದ್ದಲವಾಗದೆಯೇ ಅದು ಆಗಿಹೋಗಿದೆ. ಒಂದು ಕಾಲಕ್ಕೆ ಎಸ್ಸೆಸ್ಸೆಲ್ಸಿಗೆ ಸಿಗುತ್ತಿದ್ದ ದ್ವಿತೀಯ ದರ್ಜೆ ಸಹಾಯಕ, ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗಳಿಗೆ ಈಗ ಪಿಯುಸಿ ಬೇಕು. ಕೆಲಸದ ಸ್ವರೂಪ ಬದಲಾದ ಕಾರಣಕ್ಕೆ ಅರ್ಹತೆ ಏರಿದ್ದರೆ ತಕರಾರಿಲ್ಲ. ಅರ್ಜಿಗಳ ರಾಶಿ ಕಡಿಮೆ ಮಾಡಲು ಏರಿಸುವುದಾದರೆ ಅದು ಕಚೇರಿಯ ಅನುಕೂಲ, ನೀತಿಯಲ್ಲ.

ಗ್ರಾಮೀಣ ಡಾಕ್ ಸೇವಕರದು ಇವೆಲ್ಲಕ್ಕಿಂತ ಬೇರೆಯ, ವಿಚಿತ್ರವಾದ ಸ್ಥಿತಿ. ದೇಶದಲ್ಲಿ ಎರಡೂವರೆ ಲಕ್ಷದಷ್ಟಿರುವ ಇವರಿಲ್ಲದೆ ಹಳ್ಳಿಯ ಅಂಚೆಯೇ ಇಲ್ಲ. ಸ್ಥಳೀಯ ಭಾಷೆಯನ್ನು ಹತ್ತನೆಯ ತರಗತಿಯವರೆಗೆ ಓದಿರಬೇಕು, ಸೈಕಲ್ ಬರಬೇಕು. ಸಂಬಳಕ್ಕೆ ಸಂಬಳವೆಂಬ ಹೆಸರಿಲ್ಲ. ಕೆಲಸದ ಅವಧಿಗೆ ತಕ್ಕ ಭತ್ಯೆ, ಶಾಖಾ ಪೋಸ್ಟ್‌ಮಾಸ್ಟರಿಗೆ 12,000, ಸಹಾಯಕನಿಗೆ 10,000 ರೂಪಾಯಿಯಿಂದ ಶುರು, ಮೇಲೆ ತುಟ್ಟಿಭತ್ಯೆ. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೆಂದು ಲೆಕ್ಕ. ಉಳಿತಾಯ ಖಾತೆ, ವಿಮೆ, ಆಧಾರ್ ಸೇವೆ, ಪಿಂಚಣಿ ಹಂಚಿಕೆ ಎಲ್ಲ ಸೇರಿದ ಮೇಲೆ ಆ ಲೆಕ್ಕ ಎಷ್ಟು ನಿಜವೆಂದು ಯಾವುದೇ ಹಳ್ಳಿಯ ಅಂಚೆ ಕಚೇರಿಯಲ್ಲಿ ಅರ್ಧ ದಿನ ಕೂತವರಿಗೆ ಗೊತ್ತಾಗುತ್ತದೆ. ಇವರ ಹುದ್ದೆ ಸರ್ಕಾರದ ನಾಗರಿಕ ಹುದ್ದೆಯೇ ಎಂದು 1977ರಲ್ಲಿ ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಇವರು ನಿಯತ ಸೇವೆಯ ಹೊರಗೇ ಉಳಿದರು. ಅರ್ಧ ಶತಮಾನವಾಗುತ್ತ ಬಂದರೂ ಅಲ್ಲಿಯೇ ಇದ್ದಾರೆ.

ಇವರ ಆಯ್ಕೆಗೆ ಪರೀಕ್ಷೆಯಿಲ್ಲ, ಹತ್ತನೆಯ ತರಗತಿಯ ಅಂಕವೇ ಎಲ್ಲ, ಅದನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಲೆಕ್ಕ ಹಾಕುತ್ತಾರೆ. ಮೇಲ್ನೋಟಕ್ಕೆ ಎಸ್ಸೆಸ್ಸೆಲ್ಸಿ ಓದಿದವನಿಗೆ ಇದಕ್ಕಿಂತ ನ್ಯಾಯವಾದ ದಾರಿಯಿಲ್ಲ. ಆದರೆ 18ರಿಂದ 40ರ ವಯಸ್ಸಿನವರೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತಾರೆ. 2021ರಲ್ಲಿ ಕೊರೊನಾ ಕಾರಣದಿಂದ ನಮ್ಮಲ್ಲಿ ಎರಡೇ ದಿನ ಬಹು ಆಯ್ಕೆಯ ಪ್ರಶ್ನೆಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದು ಬರೆದವರು ಹೆಚ್ಚು ಕಡಿಮೆ ಎಲ್ಲರೂ ಪಾಸಾದರು. ಆ ವರ್ಷದ ಅಂಕವನ್ನೂ ಇಪ್ಪತ್ತು ವರ್ಷದ ಹಿಂದೆ ಕಟ್ಟುನಿಟ್ಟಿನ ಮೌಲ್ಯಮಾಪನದಲ್ಲಿ ಬಂದ ಅಂಕವನ್ನೂ ನಾಲ್ಕು ದಶಮಾಂಶಕ್ಕೆ ಹೋಲಿಸುವುದು ನಿಖರತೆಯ ವೇಷ ಹಾಕಿದ ಅಂದಾಜು. ಆಯಾ ವರ್ಷದೊಳಗೆ ಅಭ್ಯರ್ಥಿ ಎಷ್ಟನೆಯ ಸ್ಥಾನದಲ್ಲಿದ್ದ ಎಂದು ನೋಡುವುದು ಇದಕ್ಕಿಂತ ಸರಿಯಾದ ಅಳತೆ.

ಇಷ್ಟೆಲ್ಲ ನೇಮಕಾತಿಯ ಮಾತಾಯಿತು, ಕೆಲಸದ ಮಾತು ಬರಲಿಲ್ಲ. ಈ ಕೆಲಸಕ್ಕೆ ಕೌಶಲವೇ ಬೇಕಿಲ್ಲ ಎಂಬ ನಂಬಿಕೆಯ ಮೇಲೆ ಹೊರಗುತ್ತಿಗೆ ನಿಂತಿದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ ನೋಡಿ. ಕಬ್ಬಿಣದ ರ‍್ಯಾಕುಗಳ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಹೋಬಳಿವಾರು, ಗ್ರಾಮವಾರು. ಯಾರೋ ತಮ್ಮ ಅಜ್ಜನ ಕಾಲದ ಮ್ಯುಟೇಷನ್ ನಕಲು ಕೇಳುತ್ತಾರೆ. ಸರ್ವೆ ನಂಬರು ಪೋಡಿಯಾಗಿದೆ, ಗ್ರಾಮ ಬೇರೆ ಹೋಬಳಿಗೆ ಸೇರಿದೆ, ಸೂಚಿಯ ಹಾಳೆ ಗೆದ್ದಲು ತಿಂದಿದೆ. ಹಳೆಯ ಅಟೆಂಡರ್ ಸೂಚಿ ನೋಡದೆ ಮೂಲೆಯ ರ‍್ಯಾಕಿನ ಮೇಲಿನಿಂದ ಗಂಟೊಂದನ್ನು ಇಳಿಸಿ, ಪುಡಿಯಾಗುವ ಹಾಳೆಯನ್ನು ಅಂಗೈ ಮೇಲೆ ತೆಗೆದುಕೊಂಡು ತಿರುವುತ್ತಾನೆ. ಮೋಡಿ ಅಕ್ಷರ ಓದಲು ಬಾರದಿದ್ದರೂ ಯಾವ ಗಂಟಿನಲ್ಲಿ ಮೋಡಿಯ ಕಾಗದಗಳಿವೆಯೆಂದು ಅವನಿಗೆ ಗೊತ್ತು. ಭೂ ಸುರಕ್ಷಾ ಯೋಜನೆಯಲ್ಲಿ ರಾಜ್ಯ ಈಗ ಈ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ, ಬಹಳ ಅಗತ್ಯದ ಕೆಲಸ. ಆದರೆ ಯಾವ ಹಾಳೆ ಯಾವ ಕಡತದ್ದೆಂದು ಸ್ಕ್ಯಾನರಿಗೆ ತಿಳಿಯುವುದಿಲ್ಲ, ತಿಳಿದವನು ಪಕ್ಕದಲ್ಲಿ ನಿಂತು ಹೇಳಬೇಕು. ಟೆಂಡರು ಮುಗಿದಾಗಲೆಲ್ಲ ಬದಲಾಗುವ ನೌಕರನಿಗೆ ಆ ತಿಳಿವಳಿಕೆ ಬರುವುದಾದರೂ ಹೇಗೆ? ಆದೇಶ ಜಾರಿಕಾರನದೂ ಇದೇ ಮಾತು. ಪ್ರತಿವಾದಿ ಊರಲ್ಲಿಲ್ಲ ಎಂದು ಮನೆಯವರು ಹೇಳಿದಾಗ ಅದು ನಿಜವೋ ನೆಪವೋ ಎಂದು ತೂಗುವುದನ್ನು ಯಾವ ಪ್ರಶ್ನೆಪತ್ರಿಕೆಯೂ ಕಲಿಸುವುದಿಲ್ಲ. ಸಮನ್ಸ್ ಸರಿಯಾಗಿ ಜಾರಿಯಾಗದೆ ಮುಂದೂಡುವ ಮೊಕದ್ದಮೆಗಳೆಷ್ಟೆಂದು ವಕೀಲರನ್ನು ಕೇಳಿ.

ಇಲ್ಲಿ ಸ್ಥಳೀಯತೆಯ ತತ್ವವೂ ಬರುತ್ತದೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ 2013ರಲ್ಲಿ ಬಂದ ಆದೇಶ, ಸ್ಥಳೀಯರಿಗೆ ಮೇಲಿನ ಎ, ಬಿ ಗುಂಪುಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಹುದ್ದೆ ಮೀಸಲಿಟ್ಟಿತು. ಕೆಳಗಿಳಿದಂತೆ ಪಾಲು ಹೆಚ್ಚಿರುವುದರಲ್ಲಿ ಒಂದು ಅರಿವಿದೆ: ಊರು, ನುಡಿ, ಜನ ಬಲ್ಲವನೇ ಈ ಕೆಲಸಕ್ಕೆ ಯೋಗ್ಯ. ಆ ಶೇ 85 ಹುದ್ದೆಗಳನ್ನು ತುಂಬದೆ ಹೊರಗುತ್ತಿಗೆಗೆ ಬಿಟ್ಟರೆ ಆದೇಶ ಯಾವುದಕ್ಕೆ ಅನ್ವಯಿಸಬೇಕು?

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಸುಧಾರಣೆಗಳ ಪಟ್ಟಿ ನನ್ನಲ್ಲಿಲ್ಲ. ಎಂಟಿಎಸ್ ಮೆರಿಟ್ಟಿನಲ್ಲಿ ಇಂಗ್ಲಿಷಿನ ಸ್ಥಾನ ಮತ್ತು ಗಣಿತದ ಸ್ಥಾನ ಅದಲುಬದಲಾಗಲಿ, ಅದಕ್ಕೆ ಕಾನೂನು ತಿದ್ದುಪಡಿ ಬೇಡ, ಒಂದು ಅಧಿಸೂಚನೆ ಸಾಕು. ವರ್ಷವಿಡೀ ಇರುವ ಕೆಲಸಕ್ಕೆ ಹುದ್ದೆ ಇರಲಿ. ನಿಜವಾಗಿ ತಾತ್ಕಾಲಿಕವಾದದ್ದಕ್ಕೆ ಮಾತ್ರ ಹೊರಗುತ್ತಿಗೆ. ಅದಕ್ಕಿಂತ ಹೆಚ್ಚಾಗಿ, ಒಳಬಂದವನಿಗೆ ಮೇಲೇರುವ ದಾರಿ ಇರಬೇಕು. ಅಂಚೆ ಇಲಾಖೆ ಈ ಒಂದು ವಿಷಯದಲ್ಲಿ ಮಾದರಿ. ಅಲ್ಲಿ ಡಾಕ್ ಸೇವಕ ಇಲಾಖಾ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆಗಬಹುದು, ಪೋಸ್ಟ್‌ಮ್ಯಾನ್ ಅಂಚೆ ಸಹಾಯಕನಾಗಬಹುದು. ಉಳಿದ ಕಡೆ ಎಂಟಿಎಸ್ ನೌಕರನಿಗೆ ಗುಮಾಸ್ತೆಯ ಹುದ್ದೆಯಲ್ಲಿ ಇಟ್ಟಿರುವ ಪಾಲು ತೀರ ಸಣ್ಣದು. ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೊಮ್ಮೆ ಸಂಬಳದ ಮಟ್ಟ ಏರುತ್ತದೆ, ಕೂರುವ ಸ್ಟೂಲು ಅದೇ. ಬಡ್ತಿಯ ದಾರಿ ಕಿರಿದಾದಷ್ಟೂ ಪದವೀಧರನು ಆ ಹುದ್ದೆಯಲ್ಲಿ ಕೂತು ಮುಂದಿನ ಪರೀಕ್ಷೆಗೆ ಓದುತ್ತಾನೆ, ಬೇರೆ ನೌಕರಿ ಸಿಕ್ಕಿದ ದಿನ ಬಿಡುತ್ತಾನೆ, ಹುದ್ದೆ ಮತ್ತೆ ಖಾಲಿ. ಅವನನ್ನು ದೂರುವಂತಿಲ್ಲ. ಎಸ್ಸೆಸ್ಸೆಲ್ಸಿಗೆ ನಿಂತವನು ಕೆಲಸ ಮಾಡುತ್ತಲೇ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿ, ಇಲಾಖಾ ಪರೀಕ್ಷೆ ಬರೆದು, ನಲವತ್ತರ ಹೊತ್ತಿಗೆ ದ್ವಿತೀಯ ದರ್ಜೆ ಸಹಾಯಕನೋ ಅದಕ್ಕೂ ಮೇಲೋ ಆಗುವಂತಿದ್ದರೆ ಈ ಹುದ್ದೆಗಳು ಅವನ ಪಾಲಿಗೆ ಅರ್ಥ ಪಡೆಯುತ್ತವೆ.

ಇನ್ನೊಂದು ಸಣ್ಣ ಕೋರಿಕೆಯಿದೆ, ಅದು ನೇಮಕಾತಿ ಸಂಸ್ಥೆಗಳಿಗೆ. ಅರ್ಜಿಯಲ್ಲಿ ಅಭ್ಯರ್ಥಿಯ ಓದಿನ ವಿವರ ಹೇಗೂ ಇರುತ್ತದೆ. ಪ್ರತಿ ಆಯ್ಕೆ ಪಟ್ಟಿಯ ಜೊತೆಗೆ ಒಂದು ಪುಟ ಸೇರಿಸಿ, ಆಯ್ಕೆಯಾದವರಲ್ಲಿ ಹತ್ತನೆಯ ತರಗತಿಯಷ್ಟೇ ಓದಿದವರು ಎಷ್ಟು ಜನ, ಪಿಯುಸಿ ಓದಿದವರೆಷ್ಟು, ಪದವೀಧರರೆಷ್ಟು, ಯಾವ ಭಾಷೆಯಲ್ಲಿ ಪರೀಕ್ಷೆ ಬರೆದರು, ಎರಡು ವರ್ಷದ ನಂತರ ಅವರಲ್ಲಿ ಎಷ್ಟು ಮಂದಿ ಅದೇ ಹುದ್ದೆಯಲ್ಲಿ ಉಳಿದಿದ್ದಾರೆ ಎಂಬುದನ್ನು ಪ್ರಕಟಿಸಲಿ. ಹಾಗೆಯೇ ಪ್ರತಿ ಇಲಾಖೆ ತನ್ನ ಕಚೇರಿಗಳಲ್ಲಿ ಮಂಜೂರಾದ ಕೆಳಹಂತದ ಹುದ್ದೆಗಳೆಷ್ಟು, ಅವುಗಳಲ್ಲಿ ಭರ್ತಿಯಾದವು ಎಷ್ಟು, ಅದೇ ಕಟ್ಟಡದಲ್ಲಿ ಏಜೆನ್ಸಿಯ ಮೂಲಕ ದುಡಿಯುವವರೆಷ್ಟು ಎಂಬುದನ್ನು ಒಂದೇ ಕೋಷ್ಟಕದಲ್ಲಿ ವರ್ಷಕ್ಕೊಮ್ಮೆ ಸದನದ ಮುಂದಿಡಲಿ.